ಹೆಂಗಸರ ಕಡೆಯ ವನ್ಸ್ ಮೋರ್

ನಾಟಕದ ಕಂಪನಿಯವರ ಮೇಲೆ ಅಷ್ಟು ಸಿಟ್ಟು ಮಾಡಿಕೊಳ್ಳಲು ನಾನ್ಯಾರು ಎಂದು ಈಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಗ ಇತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಬಾಯಿ ಜೋರು ಎಂದು ಆಗಲೇ ಹೆಸರು ಮಾಡಿದ್ದೆ. ಸುಳ್ಳೇನಲ್ಲ, ಹೆಡ್‌ಮಾಸ್ಟರೇ ನನ್ನ ಕಂಡರೆ ಕನ್ನಡಕ ಒರೆಸಿಕೊಳ್ಳುತ್ತಾ ಆ ಕಡೆ ತಿರುಗುತ್ತಿದ್ದರು.

ಆ ಕಂಪನಿ ಒಂದೇ ಮನೆಯವರದು. ಮುದುಕರು ಮಾಲೀಕರು, ಅವರ ತಮ್ಮ ಹಾರ್ಮೋನಿಯಂ, ಮಗ ಹಾಸ್ಯಪಾತ್ರ, ಸೊಸೆ ನಾಯಕಿ. ಮಂಡ್ಯದಲ್ಲಿ ಕ್ಯಾಂಪು ಮುಗಿಸಿ ಕಬ್ಬು ಕಡಿಯುವ ಹೊತ್ತಿಗೆ ಮದ್ದೂರಿಗೆ ಬಂದು ತಗಡಿನ ಶೆಡ್ಡು ಎಬ್ಬಿಸುತ್ತಿದ್ದರು. ಇಲ್ಲಿಂದ ಮಳವಳ್ಳಿಗೆ. ಅವರ ಹ್ಯಾಂಡ್‌ಬಿಲ್ಲಿನ ಕೊನೆಯಲ್ಲಿ ಪ್ರತಿವರ್ಷವೂ ಒಂದೇ ಸಾಲು: ಸಕುಟುಂಬ ಸಮೇತರಾಗಿ ಬಂದು ನೋಡಿ ಆನಂದಿಸಿ.

ನಾನು ಹೋಗುತ್ತಿದ್ದದ್ದು ಒಂದು ಹಾಡಿಗೆ. ಮಗಳನ್ನು ಗಂಡನ ಮನೆಗೆ ಕಳಿಸುವ ಬಡ ತಂದೆಯ ಪಾತ್ರ ಮಾಲೀಕರದು. ಬಾಗಿಲ ಬಳಿ ನಿಂತು, ಮಡಿಲಕ್ಕಿಯ ಗಂಟನ್ನು ಮಗಳ ಕೈಗೆ ಕೊಡುತ್ತಾ ಅವರು ನಾಲ್ಕು ನುಡಿಯ ಹಾಡು ಹಾಡುತ್ತಿದ್ದರು. ನನಗೆ ಎಂಟು ವರ್ಷವಾಗಿದ್ದಾಗ ನಮ್ಮಪ್ಪ ತೀರಿಹೋದರು. ನನ್ನ ಮದುವೆಯಲ್ಲಿ ಧಾರೆ ಎರೆದವನು ಸೋದರಮಾವ. ಬೇಗ ಮುಗಿಸಿ ಬಸ್ಸು ಹಿಡಿಯುವ ಅವಸರ ಅವನಿಗೆ. ಹಾಗಾಗಿ ಆ ಹಾಡು ನನ್ನದು ಎಂದೇ ನಾನು ಅಂದುಕೊಂಡಿದ್ದೆ. ಪ್ರತಿ ಸಲವೂ ಅಳುತ್ತಿದ್ದೆ. ನಾಚಿಕೆಯೇನೂ ಇಲ್ಲ.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ಎಷ್ಟೇ ವನ್ಸ್ ಮೋರ್ ಕೂಗಲಿ, ಮಾಲೀಕರು ಕೈ ಮುಗಿದು ಮುಂದಕ್ಕೆ ಹೋಗಿಬಿಡುತ್ತಿದ್ದರು. ಹೆಂಗಸರ ಕಡೆಯಿಂದ ಬಂದರೆ ಮಾತ್ರ ಇಲ್ಲ ಎನ್ನುತ್ತಿರಲಿಲ್ಲ. ಎಷ್ಟು ಸಲ ಕೇಳಿದರೂ ಪಲ್ಲವಿಯಿಂದ ಮತ್ತೆ ಹಾಡಬೇಕು. ಅವರ ತಾಯಿಗೆ ಕೊಟ್ಟ ಮಾತಂತೆ ಅದು. ಹೆಂಗಸರು ಕೇಳುತ್ತಿದ್ದದ್ದೇ ಅಪರೂಪ. ಬಾಯಿಬಿಟ್ಟು ಕೂಗಿದರೆ ಮನೆಯಲ್ಲಿ ಯಾರು ಸುಮ್ಮನೆ ಬಿಡುತ್ತಿದ್ದರು?

ಆ ವರ್ಷ ಎಲ್ಲ ಕೆಟ್ಟಿತು. ನಾಲ್ಕು ನುಡಿಯ ಹಾಡು ಒಂದೇ ನುಡಿಗೆ ಇಳಿದಿತ್ತು. ಅದು ಮುಗಿಯುತ್ತಿದ್ದಂತೆಯೇ ಮಗರಾಯ ಹೆಣ್ಣುವೇಷ ಹಾಕಿಕೊಂಡು ಬಂದು ಕೀಳು ಮಾತಾಡುತ್ತಿದ್ದ. ಆಮೇಲೆ ಸಿನಿಮಾ ರೆಕಾರ್ಡು ಹಾಕಿ ಕುಣಿತ. ಗಂಡಸರ ಕಡೆ ಶಿಳ್ಳೆಯೋ ಶಿಳ್ಳೆ. ನಮ್ಮ ಕಡೆ ಬಾಣಂತಿಯರು, ಅತ್ತೆ ಸೊಸೆಯರು ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದ್ದರು. ನಮ್ಮ ಮನೆಯ ಓನರಮ್ಮ, ಗದ್ದೆ ತೋಟ ಇದ್ದ ಗಟ್ಟಿ ಹೆಂಗಸು, ದಾರಿಯುದ್ದಕ್ಕೂ ಗೊಣಗಿದಳು.

"ಇದೇನ್ ನಾಟ್ಕ ಕಣಮ್ಮ? ನಮ್ಮತ್ತೆ ಪಕ್ದಲ್ಲಿ ಕೂತ್ಕಂಡು ತಲೆ ಎತ್ತಂಗಿಲ್ಲ. ಸಂಸಾರ ಕರ್ಕಬನ್ನಿ ಅಂತ ಚೀಟಿ ಬೇರೆ ಹಂಚ್ತರೆ, ಇವರ ಮನೆ ಆಳಾಗ!"

ನನಗೆ ನಿದ್ದೆ ಹತ್ತಲಿಲ್ಲ. ಹಾಸ್ಯದ ವಿಷಯ ಹಾಗಿರಲಿ, ನನ್ನ ಹಾಡು ಕತ್ತರಿಸಲು ಇವರ್ಯಾರು?

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಶೆಡ್ಡಿಗೆ ಹೋದೆ. ಹಿಂದುಗಡೆ ಮಾಲೀಕರ ಸೊಸೆ ಜರಿಯ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ರಂಗದ ಮೇಲೆ ರಾಣಿಯಂತೆ ಕಾಣುತ್ತಿದ್ದವಳು ಹತ್ತಿರದಿಂದ ಬಡಕಲು ಹೆಂಗಸು. ನಾನು ಬಂದ ವಿಷಯ ಹೇಳಿದೆ. ಸಣ್ಣದಾಗಿ ಹೇಳುವುದು ನನಗೆ ಬಾರದು, ಇದ್ದದ್ದನ್ನೆಲ್ಲ ಹೇಳಿದೆ.

ಅವಳು ಅತ್ತಿತ್ತ ನೋಡಿ ನನ್ನನ್ನು ಪರದೆಗಳ ಮರೆಗೆ ಕರೆದಳು.

"ಅಕ್ಕ, ನಮ್ಮ ಮಾವನವರ ಗಂಟಲಲ್ಲಿ ಏನೋ ಬೆಳೆದಿದೆ. ಮೈಸೂರಿನ ಡಾಕ್ಟರು ಇನ್ನು ಹಾಡಲೇಬೇಡಿ, ಹಾಡಿದರೆ ಮಾತೂ ಹೋಗುತ್ತೆ ಅಂದಿದ್ದಾರೆ. ಮಾವ ಒಂದು ನುಡಿನಾದರೂ ಹಾಡ್ತೀನಿ ಅಂತ ಹಟ ಹಿಡಿದಿದ್ದಾರೆ. ಉಳಿದ ಹೊತ್ತು ತುಂಬೋಕೆ ಹಾಸ್ಯ, ರೆಕಾರ್ಡು. ನಮ್ಮೆಜಮಾನರಿಗೂ ಇದೇನು ಇಷ್ಟ ಅಲ್ಲ. ದಯವಿಟ್ಟು ಯಾರ ಹತ್ರನೂ ಹೇಳಬೇಡಿ. ಗಂಟಲು ಹೋಯ್ತು ಅಂತ ಸುದ್ದಿ ಆದರೆ ನಮ್ಮನ್ನ ಯಾವೂರಿಗೂ ಕರೆಯಲ್ಲ."

ಅದೇ ಗಳಿಗೆಗೆ ಒಳಗಿನಿಂದ ಮಾಲೀಕರ ದನಿ ಕೇಳಿಸಿತು. ಯಾರಿಗೋ ಪರದೆಯ ಹಗ್ಗ ಬಿಗಿಯಲಿಲ್ಲವೆಂದು ಬೈಯುತ್ತಿದ್ದರು. ಗಟ್ಟಿ ದನಿಯೇ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು. ಅವಳ ಮುಖಕ್ಕೇ ಅಂದೆ. ಅವಳು ಬಟ್ಟೆ ಹರವಲು ಹೋದಳು.

ಸುಳ್ಳು ಹೇಳುತ್ತಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಬೈಯಲು ಬರುವ ಗಂಟಲಿಗೆ ಹಾಡಲು ಬಾರದೇ? ಊರಿನ ಹೆಂಗಸರಿಗೆ ಏನು ಬೇಕು ಎಂದು ಇವರಿಗೆ ಒಮ್ಮೆ ತೋರಿಸಿದರೆ ತಾವಾಗಿ ದಾರಿಗೆ ಬರುತ್ತಾರೆ ಎಂದುಕೊಂಡೆ. ಹೆಂಗಸರೆಲ್ಲ ಸೇರಿ ವನ್ಸ್ ಮೋರ್ ಕೂಗೋಣ ಎಂದು ಓನರಮ್ಮನಿಗೆ ಹೇಳಿದ್ದೇ ತಡ, ಅವಳು ಸೆರಗು ಸಿಕ್ಕಿಸಿ ನಿಂತಳು.

"ನೀವ್ ಮೊದ್ಲು ಎದ್ ನಿಂತ್ಕಳಿ ಮೇಡಮ್ಮೋರೆ, ಕೂಗದು ನಮ್ಗೆ ಬುಡಿ. ಗದ್ದೆ ಬಯಲಲ್ಲಿ ಕೂಗಿ ಕೂಗಿ ಪಳಗಿರೋ ಗಂಟ್ಲು ಕಣಮ್ಮ ಇದು!"

ಭಾನುವಾರ ಸಂಜೆಯ ಆಟಕ್ಕೆ ಭಾರತೀನಗರದಿಂದ ಅವಳ ನಾದಿನಿಯರು ಬಸ್ಸು ಹತ್ತಿ ಬಂದರು. ನಮ್ಮ ಶಾಲೆಯ ಟೀಚರುಗಳೆಲ್ಲ ಬಂದರು. ಹೆಂಗಸರ ಕಡೆ ಹಾಸಿದ್ದ ಚಾಪೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ.

ಒಂದು ನುಡಿ ಮುಗಿಯಿತು. ನಾನು ಎದ್ದು ನಿಂತೆ. ನನ್ನ ಹಿಂದೆ ಹೆಂಗಸರೆಲ್ಲ ಒಂದೇ ದನಿಯಲ್ಲಿ ವನ್ಸ್ ಮೋರ್ ಎಂದರು. ಮಾಲೀಕರು ನಮ್ಮ ಕಡೆ ತಿರುಗಿದರು. ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಯಾವತ್ತೂ ಮರೆಯಲಾರೆ. ಹಾರ್ಮೋನಿಯಂ ಮುಂದೆ ಕೂತಿದ್ದ ತಮ್ಮ ಬೇಡವೆಂದು ತಲೆ ಆಡಿಸಿದ. ಅವರು ಅವನತ್ತ ನೋಡಲೇ ಇಲ್ಲ. ನಾಲ್ಕೂ ನುಡಿ ಹಾಡಿದರು.

ನಾವು ಗೆದ್ದೆವು ಎಂದುಕೊಂಡೆ. ಮತ್ತೆ ಕೂಗಿದೆವು. ಎರಡನೆಯ ಸಲ ದನಿ ಒರಟಾಯಿತು, ಆದರೂ ಹಾಡಿದರು. ಮೂರನೆಯ ಸಲ ಎರಡನೇ ನುಡಿಯ ನಡುವೆ ದನಿ ಒಡೆಯಿತು. ಆಮೇಲೆ ಬರೀ ತುಟಿ ಆಡುತ್ತಿತ್ತು. ಹಾರ್ಮೋನಿಯಂ ಒಂದೇ ಆ ಧಾಟಿಯನ್ನು ಎಳೆದುಕೊಂಡು ಹೋಯಿತು. ಮಗಳನ್ನು ಕಳಿಸುವ ತಂದೆಗೆ ದುಃಖದಿಂದ ದನಿಯೇ ಹೊರಡುತ್ತಿಲ್ಲ ಎಂದು ನಮ್ಮ ಹೆಂಗಸರು ತಿಳಿದರು. ಎಂಥ ಅಭಿನಯ ಎಂದು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ಇನ್ನೊಮ್ಮೆ ವನ್ಸ್ ಮೋರ್ ಎಂದರು.

ನಾನು ಮುಂದಿನ ಸಾಲಿನಲ್ಲಿದ್ದೆ. ಅವರ ಕತ್ತಿನ ನರ ಉಬ್ಬಿದ್ದು, ಕಣ್ಣಲ್ಲಿ ನೀರು ಬಂದದ್ದು ಕಂಡಿತು. ಆದರೂ ನಾಲ್ಕನೆಯ ಸಲಕ್ಕೆ ಬಾಯಿ ತೆರೆದರು. ಮಗಳ ಪಾತ್ರದಲ್ಲಿದ್ದ ಸೊಸೆ ಮಡಿಲಕ್ಕಿಯ ಗಂಟು ಬಿಸಾಡಿ ಓಡಿಬಂದು ಅವರ ಬಾಯಿಯ ಮೇಲೆ ಕೈ ಇಟ್ಟಳು. ನಾನು ಹಿಂದೆ ತಿರುಗಿ ಸಾಕು, ಸಾಕು ಎಂದು ಕಿರುಚಿದೆ. ಯಾರ ಕಿವಿಗೂ ಬೀಳಲಿಲ್ಲ. ಪರದೆ ಬಿತ್ತು.

ಮಾರನೆಯ ವಾರವೇ ಅವರು ಶೆಡ್ಡು ಬಿಚ್ಚಿಕೊಂಡು ಮಳವಳ್ಳಿಗೆ ಹೋದರು. ನನಗೆ ಊಟ ಸೇರಲಿಲ್ಲ. ಕ್ಲಾಸಿನಲ್ಲಿ ಪದ್ಯ ಹಾಡಿಸಲು ಹೋಗಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಒಂದು ತಿಂಗಳು ತಡೆದು ಕೊನೆಗೆ ಮಳವಳ್ಳಿಯ ಬಸ್ಸು ಹತ್ತಿದೆ. ಅವರ ಕಾಲು ಹಿಡಿದು ತಪ್ಪಾಯಿತು ಎನ್ನಬೇಕು, ಅಷ್ಟೇ.

ಶೆಡ್ಡಿನ ಪಕ್ಕದಲ್ಲಿ ಸೊಸೆ ಸಿಕ್ಕಳು. ನನ್ನನ್ನು ಕಂಡವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕ್ಷಮೆ ಕೇಳೋಕೆ ಬಂದಿರಾ? ಬೇಡ ಅಕ್ಕ. ಅವತ್ತು ಹೆಂಗಸರು ತಾವಾಗೇ ಕೇಳಿದರು ಅಂತ ಮಾವ ತಿಳಿದಿದ್ದಾರೆ. ದಿನಾ ಅದನ್ನೇ ನೆನೆಸಿಕೊಂಡು ಊಟ ಮಾಡ್ತಾರೆ. ನೀವು ಹಟಕ್ಕೆ ಕೂಗಿಸಿದ್ದು ಅಂತ ಗೊತ್ತಾದರೆ ಅದೂ ಹೋಗುತ್ತೆ. ಅದನ್ನಾದರೂ ಅವರಿಗೆ ಬಿಟ್ಟುಬಿಡಿ."

ಮಾಲೀಕರು ಹೆಂಗಸರ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ಟಿಕೆಟ್ ಹರಿಯುತ್ತಿದ್ದರು. ಕತ್ತಿಗೆ ಮಫ್ಲರು. ರಂಗದ ದೀಪದ ಬೆಳಕಿನಿಂದ ನೋಡುವವರಿಗೆ ಚಾಪೆಯ ಮೇಲಿನ ಮುಖಗಳು ಕಾಣುವುದಿಲ್ಲ. ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾನು ಚಾಚಿದ ಟಿಕೆಟ್ ತೆಗೆದುಕೊಂಡು ಬರೀ ಉಸಿರಿನಲ್ಲಿ, ತುಟಿಯ ಹತ್ತಿರ ಕಿವಿ ಇಟ್ಟರಷ್ಟೇ ಕೇಳುವ ಹಾಗೆ ಕೇಳಿದರು.

"ಯಾವೂರು ತಾಯಿ?"

"ಇದೇ ಊರು. ಮಳವಳ್ಳಿ," ಎಂದೆ.

"ಹಾಗಾದರೆ ಈ ವರ್ಷದ ನನ್ನ ಹಾಡು ನೀವು ಕೇಳಿಲ್ಲ. ಮದ್ದೂರಿನ ತಾಯಂದಿರು ಬಿಡದೆ ಹಾಡಿಸಿದರು. ನೀವೂ ಇರಬೇಕಿತ್ತು."

"ಇಲ್ಲ," ಎಂದೆ, "ನಾನು ಕೇಳಿಲ್ಲ."