ಖಾಲಿ ಪುಟ ಮತ್ತು ಈರಮ್ಮಜ್ಜಿಯ ಬಿಳಿ ಪಂಚೆ

“ಪುಟ ಬರೀ ಬೆಳ್ಳಗಿದೆಯಲ್ಲ” ಎಂದು ಕಂಬಳಿ ಕೊಳ್ಳಲಿದ್ದ ಅಂಗಡಿಯವರು ಫೋನಿನಲ್ಲಿ ಹೇಳಿದಾಗ ನಾನೂ ಪುಟವನ್ನು ತೆರೆದೆ. ತಾವರೆಕೆರೆಯ ಕಂಬಳಿ ನೇಯುವ ಹೆಂಗಸರ ಸಂಘಕ್ಕೆ ನಾನು ಮಾಡಿಕೊಟ್ಟ ವೆಬ್ ಪುಟ ಅದು. ಹತ್ತು ನಿಮಿಷ ನೋಡುತ್ತೇನೆ, ಆಮೇಲೆ ಬೇರೆಯವರಿಗೆ ಆರ್ಡರ್ ಕೊಡುತ್ತೇನೆ ಎಂದು ಅವರು ಫೋನ್ ಇಟ್ಟರು.

ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಪುಟ ಅಪ್‌ಲೋಡ್ ಮಾಡಿದ ಮೇಲೆ ಖಾಲಿ. ಮೂರು ಸಲ ಮತ್ತೆ ಏರಿಸಿದೆ. ಖಾಲಿಯೇ. ಶಿರಾದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಪಕ್ಕದಲ್ಲೇ ಕೂತಿದ್ದ ಸಂಘದ ಈರಮ್ಮಜ್ಜಿ ಏನೋ ಕೇಳಲು ಬಾಯಿ ತೆರೆದರು. “ಸುಮ್ನಿರಿ ಅಜ್ಜಿ, ಇದೆಲ್ಲ ನಿಮ್ಗೆ ಗೊತ್ತಾಗಲ್ಲ” ಎಂದು ರೇಗಿದೆ.

ಅಜ್ಜಿ ಪರದೆಯತ್ತ ಬಾಗಿ, “ಕರೀ ಕಂಬ್ಳೀಲಿ ಎಳೆ ತಪ್ಪಿದ್ರೆ ಕಾಣಕಿಲ್ಲ ಕಣಮ್ಮ. ಅಡೀಲಿ ಬಿಳೀ ಪಂಚೆ ಹಾಸಿ ನೋಡ್ತೀವಿ. ನಿನ್ನ ಅಕ್ಷರ ಯಾವ ಬಣ್ಣ?” ಎಂದರು.

ಬಿಳಿ. ಹಿನ್ನೆಲೆಗೆ ಕರಿ ಕಂಬಳಿಯ ಚಿತ್ರ ಹಾಸಿ, ಅದರ ಮೇಲೆ ಎಲ್ಲವನ್ನೂ ಬಿಳಿ ಅಕ್ಷರದಲ್ಲೇ ಬರೆದಿದ್ದೆ. ಆ ಚಿತ್ರವನ್ನು ಅಪ್‌ಲೋಡ್ ಮಾಡುವುದನ್ನೇ ಮರೆತಿದ್ದೆ; ಬಿಳಿ ಪುಟದ ಮೇಲೆ ಬಿಳಿ ಅಕ್ಷರ. ಅದನ್ನು ಏರಿಸಿದೆ. ಸಂಘದ ಹನ್ನೊಂದು ಮಂದಿ ಹೆಂಗಸರ ಹೆಸರೂ ಒಮ್ಮೆಗೇ ಮೂಡಿದವು. ಮೊದಲನೆಯದು ಈರಮ್ಮಜ್ಜಿಯದು.

ಆರ್ಡರ್ ಉಳಿಯಿತು. ರೇಗಿದ್ದು ತಪ್ಪಾಯಿತು ಎಂದು ಹೇಳಲು ಮರುವಾರ ತಾವರೆಕೆರೆಗೆ ಹೋದರೆ, ಅಜ್ಜಿಗೆ ನಾನಂದ ಮಾತು ನೆನಪೇ ಇರಲಿಲ್ಲ. ನನಗೆ ಮಾತ್ರ ಖಾಲಿ ಪುಟ ಎದುರಾದಾಗಲೆಲ್ಲ ಮೊದಲು ಕಾಣುವುದು ಅದೇ ಮಾತು.