ತಾಮ್ರದ ಬಿಂದಿಗೆಯಲ್ಲಿಟ್ಟ ಕಡಲ ನೀರು

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೆ ಆ ಮೀನುಗಳು ಸತ್ತದ್ದಕ್ಕೆ ಅದು ಕಾರಣವಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಅಣ್ಣ ಗುಬ್ಬಿಯಿಂದ ಮಂಗಳೂರಿಗೆ ಕೊಬ್ಬರಿ ಲಾರಿ ಓಡಿಸುತ್ತಿದ್ದ. ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತರುತ್ತಿದ್ದ. ತುಮಕೂರಿನ ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಅವನ ಎರಡು ಕಡಲ ಮೀನುಗಳಿದ್ದವು. ಕಿತ್ತಳೆ ಮೈ, ಬಿಳಿ ಪಟ್ಟೆ.

"ನಮಗೇ ನಲ್ಲೀಲಿ ನೀರ್ ಬರಲ್ಲ, ಇವ್ರ ಮೀನಿಗೆ ಮಂಗ್ಳೂರ್ ನೀರೇ ಆಗ್ಬೇಕಂತೆ!" ಎಂದು ಪಕ್ಕದ ಮನೆಯಾಕೆ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಅಣ್ಣ ಊರಲ್ಲಿಲ್ಲದಾಗ ಅವನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಆ ಹೆಮ್ಮೆ ನನಗೆ ಸಾಕಿತ್ತು.

ಒಂದು ಸಲ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಅಣ್ಣ ಮಂಗಳೂರಿನಲ್ಲಿ ಮೀನು ಸಾಕುವವರನ್ನು ಕೇಳಿಕೊಂಡು ಬಂದು, ಮೈಲುತುತ್ತ ಕರಗಿಸಿ ಸೀಸೆಯಲ್ಲಿಟ್ಟ.

"ಈ ಚುಕ್ಕೆ ಒಂಥರಾ ಹುಳ ಕಣೇ. ಚುಕ್ಕೆ ಹೋಯ್ತು ಅಂತ ಔಷಧಿ ನಿಲ್ಲಿಸ್ಬೇಡ, ಉದುರಿ ತಳದಲ್ಲಿ ಮರಿ ಮಾಡಿ ಮತ್ತೆ ಹತ್ತುತ್ತೆ. ದಿನಾ ಹತ್ತೇ ಹನಿ. ಇದ್ರಲ್ಲಿರೋದು ತಾಮ್ರ, ಜಾಸ್ತಿಯಾದ್ರೆ ಮೀನೇ ಹೋಗ್ತವೆ," ಎಂದು ಹೇಳಿ ಲೋಡಿಗೆ ಹೊರಟ.

ನಾಲ್ಕನೇ ದಿನವೂ ಚುಕ್ಕೆ ಹೋಗಲಿಲ್ಲ. ಅವನು ಬರುವಷ್ಟರಲ್ಲಿ ವಾಸಿ ಮಾಡಿ ತೋರಿಸಬೇಕೆಂಬ ಹಟ ನನಗೆ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಬಿಂದಿಗೆಗೆ ಕ್ಯಾನಿನ ನೀರು ಸುರಿದಿಟ್ಟೆ. ಔಷಧಿ ಅಂದರೆ ತಾಮ್ರವೇ ತಾನೆ, ಇನ್ನಷ್ಟು ಬಿದ್ದರೆ ಬೇಗ ವಾಸಿಯಾದೀತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅದನ್ನು ತೊಟ್ಟಿಗೆ ಹುಯ್ದೆ. ಮಧ್ಯಾಹ್ನಕ್ಕೆ ಎರಡೂ ಮಗ್ಗುಲಾಗಿ ತೇಲುತ್ತಿದ್ದವು.

ಬಿಂದಿಗೆ ತೊಳೆದು ಬೋರಲು ಹಾಕಿದೆ. ಅಣ್ಣ ಬಂದಾಗ, "ನೀನು ಹೇಳ್ದಷ್ಟೇ ಹಾಕ್ದೆ," ಎಂದೆ. ಔಷಧಿ ಬೆರೆಸಿದ ತನ್ನ ಕೈಯೇ ತಪ್ಪಿತೆಂದು ನಂಬಿ ಅವನು ತೊಟ್ಟಿಯನ್ನೇ ಯಾರಿಗೋ ಕೊಟ್ಟುಬಿಟ್ಟ.

ಎರಡು ವರ್ಷದ ಮೇಲೆ ಕುಣಿಗಲ್ಲಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಮೀನಿನ ಮಾತೆತ್ತಿದರು. "ನಾನೇ ವಿಷ ಹಾಕಿ ಕೊಂದೆ," ಎಂದು ಅಣ್ಣ ನಕ್ಕ. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ಎಲ್ಲರೆದುರಿಗೂ ಬಿಂದಿಗೆಯ ವಿಷಯ ಹೇಳಿದೆ.

"ಬುಡಪ್ಪ, ಓದು ಬರಹ ಇಲ್ದೋಳು, ಅವ್ಳಿಗೇನ್ ಗೊತ್ತಾಯ್ತದೆ," ಎಂದರು ನಮ್ಮ ಸೋದರಮಾವ.

"ಗೊತ್ತಿತ್ತು ಮಾವ. ಉಪ್ಪು ಹಾಕಿದ್ದನ್ನ ತಾಮ್ರದಲ್ಲಿಟ್ರೆ ಕಿಲುಬು ಬಿಡ್ತದೆ ಅಂತ ಯಾವ ಹೆಂಗಸಿಗೆ ಗೊತ್ತಿಲ್ಲ? ಸಾರು ಇಡ್ತೀವಾ ಅದ್ರಲ್ಲಿ? ಗೊತ್ತಿದ್ದೇ ಇಟ್ಟೆ."

"ಆವತ್ತೇ ಯಾಕೆ ಹೇಳ್ಲಿಲ್ಲ?" ಅಣ್ಣ ಕೇಳಿದ.

"ಇನ್ಮೇಲೆ ಮೀನು ನನ್ನ ಕೈಗೆ ಕೊಡಲ್ಲ ಅಂತ."

"ಅದಕ್ಕೆ ನಂಗೂ ಇಲ್ದಂಗೆ ಮಾಡ್ದೆ," ಎಂದು ಅವನು ಎಲೆ ಮಡಚಿ ಎದ್ದ.

ಅವನ ಹಿಂದೆಯೇ ಹೋಗಿ, ಕೈ ತೊಳೆಯಲು ನೀರು ಹಾಕುವೆನೆಂದು ಚೊಂಬು ಹಿಡಿದು ನಿಂತೆ. ಬೇಡವೆಂದ. ನಾನು ಅಲ್ಲಿಂದ ಕದಲಲಿಲ್ಲ.