ಗೆಣ್ಣಿಗೆ ಒಂದಾಣೆ

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಹತ್ತಿಯ ದಂಧೆಗೆ ನಾನಿನ್ನೂ ಅಂಟಿಕೊಂಡಿರುವುದು ಲಾಭಕ್ಕಲ್ಲ. ವಿಜಾಪುರದ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ. ಮಾರುವವನೂ ಕೊಳ್ಳುವವನೂ ರುಮಾಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಮಾತಾಡಬೇಕು. ಹೆಂಡತಿ ತೀರಿಕೊಂಡ ಮೇಲೆ ನನ್ನ ಕೈಯನ್ನು ಇನ್ನೊಬ್ಬರು ಹಿಡಿಯುವುದು ಆ ರುಮಾಲಿನ ಕೆಳಗೆ ಮಾತ್ರ.

ಮೊದಲು ಒಂದು ಬೆರಳೆಂದರೆ ಎಂಟಾಣೆ, ಅದಕ್ಕಿಂತ ಸಣ್ಣ ಏರಿಳಿತ ಇರಲಿಲ್ಲ. ರೈತನಿಂದ ಕೊಂಡು ಗಿರಣಿಗೆ ಮಾರುವ ನನ್ನಂಥವನ ಊಟ ಆ ಎಂಟಾಣೆಯ ಸಂದಿನಲ್ಲೇ ಇತ್ತು. ಯುದ್ಧ ಮುಗಿದ ವರ್ಷ ಪೇಟೆಯ ಹಿರಿಯರು ಕೂತು, ಇನ್ನು ಬೆರಳಿನ ಒಂದು ಗೆಣ್ಣಿಗೆ ಒಂದಾಣೆ ಎಂದು ಠರಾವು ಮಾಡಿದರು. ಅಕ್ಕಸಾಲಿಗ ಗುಲಗಂಜಿಯಲ್ಲಿ ತೂಗುವಾಗ ನಮಗೇನು ಧಾಡಿ ಎಂಬುದು ಅವರ ವಾದ. ರೈತನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿತು, ಸಂತೋಷ. ದರ ಏರಲೆಂದು ಹತ್ತಿ ತುಂಬಿಟ್ಟುಕೊಂಡಿದ್ದ ತಿಕೋಟೆಯ ಸಾವಕಾರರು ಒಂದಾಣೆ ಏರಿದರೆ ಹಿಗ್ಗಿ, ಒಂದಾಣೆ ಇಳಿದರೆ ಊಟ ಬಿಡತೊಡಗಿದರು. ನನ್ನ ಸಂದು ಮಾತ್ರ ಇಲಿಬಿಲದಷ್ಟಾಯಿತು. ಆದರೆ ಎರಡು ಹಿಡಿತದಲ್ಲಿ ಮುಗಿಯುತ್ತಿದ್ದ ವ್ಯಾಪಾರಕ್ಕೆ ಈಗ ಬಹಳ ಹೊತ್ತು ಕೈ ಹಿಡಿದಿರಬೇಕು. ನಾನು ದೂರು ಹೇಳಲಿಲ್ಲ.

ಒಂದು ಮುಂಜಾನೆ ಬಬಲೇಶ್ವರದ ರೈತ ಸಂಗಪ್ಪ ಗಾಡಿ ತಂದ. ಪ್ರತಿವರ್ಷ ನನಗೇ ಹತ್ತಿ ಕೊಡುವವನು. ಕೊನೆಗೆ ಯಾವ ದರಕ್ಕೆ ಬರುತ್ತೇವೆಂದು ಇಬ್ಬರಿಗೂ ಗೊತ್ತು. ಆದರೂ ನಾನು ಒಂದೊಂದೇ ಗೆಣ್ಣು ಏರುತ್ತ ಕೂತೆ. ಕೈ ಬಿಡಲು ಮನಸ್ಸಿರಲಿಲ್ಲ. ನಡುವೆ ನೀರು ಕುಡಿಯಲು ಎದ್ದು ಬರುವಷ್ಟರಲ್ಲಿ ಪಕ್ಕದ ಅಂಗಡಿಯವ ಅದೇ ಕೈ ಹಿಡಿದು, ಒಂದೇ ಆಣೆ ಕೂಡಿಸಿ, ಗಾಡಿಯನ್ನೇ ಹೊಡೆದುಕೊಂಡು ಹೋಗಿದ್ದ. ಮೊದಲಾದರೆ ನನ್ನನ್ನು ದಾಟಲು ಅವನಿಗೆ ಎಂಟಾಣೆಯ ಧೈರ್ಯ ಬೇಕಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ, ಇನ್ನು ಸಂಗಪ್ಪ ನನ್ನ ಕಡೆ ಬರುವುದಿಲ್ಲವಲ್ಲ ಎಂದು ಸಂಕಟವಾಯಿತು.

ಮಧ್ಯಾಹ್ನ ಸಂಗಪ್ಪ ಖಾಲಿ ಗಾಡಿ ನಿಲ್ಲಿಸಿ ಬಂದ.

"ಒಂದಾಣೆ ಹೆಚ್ಚ ಅಂದ್ರಂತ ಕೊಟ್ಟೇನ್ರಿ, ಸಿಟ್ಟಾಗಬ್ಯಾಡ್ರಿ."

"ವ್ಯಾಪಾರದಾಗ ಸಿಟ್ಟ ಎಂಥಾದೋ ಯಪ್ಪಾ," ಎಂದೆ.

"ಅದನ್ನ ಹೇಳಾಕ ಬಂದಿಲ್ರಿ. ಮುಂಜಾನಿ ನಿಮ್ಮ ಕೈ ಕೆಂಡದಂಗ ಸುಡಾಕತ್ತಿತ್ತು. ಜ್ವರ ಬಂದಾವೇನ್ರಿ? ಮನ್ಯಾಗ ನೋಡಾವ್ರು ಯಾರದಾರ?"

ಎರಡು ದಿನದಿಂದ ಜ್ವರವಿತ್ತು. ಅಂದು ಏಳೆಂಟು ಜನ ನನ್ನ ಕೈ ಹಿಡಿದಿದ್ದರು. ದರ ಬಿಟ್ಟು ಬೇರೇನೂ ಅವರಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲವೆನ್ನಲು ನಾಚಿ ಲೆಕ್ಕದ ಪುಸ್ತಕ ತೆರೆದೆ. ಸಂಗಪ್ಪ ರುಮಾಲನ್ನು ಹೆಗಲಿಗೆ ಹಾಕಿಕೊಂಡು, ಪೇಟೆಯವರೆಲ್ಲ ನೋಡುತ್ತಿದ್ದಂತೆಯೇ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತ.

ಇವರದು ಯಾವ ದರ ನಡೆದಿದೆಯೋ ಎಂದು ಪಕ್ಕದ ಅಂಗಡಿಯವ ಕತ್ತು ಚಾಚಿ ನೋಡುತ್ತಲೇ ಇದ್ದ.